ಬಿಟ್ಟಿತು, ಬಿಟ್ಟಿತ್ತು

‘ನಾವು ರಾಣೆಬೆನ್ನೂರು ಸ್ಟೇಶನ್ನಿಗೆ ಬಂದಾಗ ಗಾಡಿ ಬಿಟ್ಟಿತು’ ಎಂದರೆ ಅದು ನಮ್ಮ ಕಣ್ಣೆದುರೇ ಹೊರಟಿತು ಎಂದರ್ಥ. ಓಡಿ ಹತ್ತುವ ಆಸೆ ಇನ್ನೂ ಇದೆ. ‘ಬಿಟ್ಟಿತ್ತು’ ಎಂದರೆ ಆಸೆ ಮುಗಿಯಿತು. ಹುಬ್ಬಳ್ಳಿ ಕಡೆಯ ಗಾಡಿಯಾದರೆ ಅಷ್ಟೊತ್ತಿಗೆ ದೇವರಗುಡ್ಡ ದಾಟಿ ಬ್ಯಾಡಗಿಯತ್ತ ಹೋಗಿರಲೂಬಹುದು. ಎರಡು ಮಾತುಗಳ ನಡುವೆ ಇರುವುದು ತಕಾರದ ಒಂದು ಒತ್ತು ಮಾತ್ರ. ನಮ್ಮ ಹಾವೇರಿ ಸೀಮೆಯ ಮಗು ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಈ ವ್ಯತ್ಯಾಸವನ್ನು ಕಿವಿಯಲ್ಲಿ ಹಿಡಿದಿರುತ್ತದೆ. ‘ಬಸ್ ಹೋತು’ ಎಂದರೆ ಬೇರೆ, ‘ಬಸ್ ಹೋಗಿತ್ತು’ ಎಂದರೆ ಬೇರೆ ಎಂದು ಅದಕ್ಕೆ ಯಾರೂ ಸೂತ್ರ ಬರೆದು ಕಲಿಸಿರುವುದಿಲ್ಲ.

ಅದೇ ಮಗು ಹೈಸ್ಕೂಲಿಗೆ ಬಂದು ಇಂಗ್ಲಿಷಿನ ಪಾಸ್ಟ್ ಪರ್ಫೆಕ್ಟ್ ಕಾಲದ ಮುಂದೆ ಕೂತಾಗ ಹಲಗೆಯ ಮೇಲೆ ಕಾಣುವುದು ‘ಹ್ಯಾಡ್ ಪ್ಲಸ್ ವಿ ತ್ರೀ’. ಬಾಯಿಪಾಠವಾಗುತ್ತದೆ, ಪರೀಕ್ಷೆಯಲ್ಲಿ ಅಂಕವೂ ಬರುತ್ತದೆ. ತೊಡಕು ಆಮೇಲಿನದು. ಇಂಗ್ಲಿಷ್ ಮನೆಮಾತಾದವರು ಮಾತಾಡುವಾಗ ಈ ಹ್ಯಾಡ್ ಇಡಿಯಾಗಿ ಬರುವುದು ಅಪರೂಪ. ಐ, ಹಿ, ಷಿ, ವಿ, ದೇ ಎಂಬ ಪುಟ್ಟ ಪದಗಳ ಬೆನ್ನಿಗೆ ಅಂಟಿಕೊಂಡು ಅದು ಬರಿಯ ‘ಡ್’ ಆಗಿಬಿಡುತ್ತದೆ: ಐಡ್, ಹೀಡ್, ಷೀಡ್, ವೀಡ್, ದೇಡ್. ಆಫ್ಟರ್, ವೆನ್, ಬಿಕಾಸ್, ಇಫ್ ಎಂದು ಶುರುವಾಗುವ ಉಪವಾಕ್ಯಗಳಲ್ಲಿ ಇದನ್ನು ಮತ್ತೆ ಮತ್ತೆ ಕೇಳುತ್ತೇವೆ. ಅಲ್ಲಿ ಹೇಳುತ್ತಿರುವುದು ಹಿನ್ನೆಲೆಯ ಸಂಗತಿ. ಮಾತಾಡುವವರ ಮನಸ್ಸು ಮುಂದಿನ ಸುದ್ದಿಯ ಮೇಲಿರುತ್ತದೆ, ದನಿಯ ಭಾರವೂ ಅತ್ತಲೇ ಬೀಳುತ್ತದೆ. ಹ್ಯಾಡನ್ನು ಕಣ್ಣಿನಿಂದ ಮಾತ್ರ ಕಲಿತ ನಮ್ಮ ಹುಡುಗರ ಕಿವಿಗೆ ಈ ‘ಡ್’ ಬೀಳುವುದೇ ಇಲ್ಲ.

ಬಿದ್ದರೂ ಇನ್ನೊಂದು ಪ್ರಶ್ನೆ ಏಳುತ್ತದೆ. ವುಡ್ ಎಂಬ ಪದವೂ ಕರಗಿ ಇದೇ ‘ಡ್’ ಆಗುತ್ತದೆ. ಈ ಎರಡು ‘ಡ್’ಗಳ ಅಂತರ ಎಷ್ಟು ದೊಡ್ಡದು ಎಂಬುದನ್ನು ಬ್ಯಾಡಗಿಯ ಮೆಣಸಿನಕಾಯಿ ಪೇಟೆಗಿಂತ ಚೆನ್ನಾಗಿ ತೋರಿಸುವ ಜಾಗ ನನಗೆ ಹೊಳೆಯುತ್ತಿಲ್ಲ. ಕಡು ಕೆಂಪು ಬಣ್ಣ, ಕಡಿಮೆ ಖಾರ, ಸುಕ್ಕುಗಟ್ಟಿದ ಮೈ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಮೆಣಸಿನಕಾಯಿಯನ್ನು ಮಸಾಲೆ ಕಂಪನಿಗಳೂ ಅದರಿಂದ ಬಣ್ಣದ ಎಣ್ಣೆ ತೆಗೆಯುವ ಕಾರ್ಖಾನೆಗಳೂ ಕೊಳ್ಳುತ್ತವೆ, ಹೊರದೇಶಗಳಿಗೂ ಅದು ಹೋಗುತ್ತದೆ. ಸೋಮವಾರ, ಗುರುವಾರದ ಪೇಟೆಯ ದಿನ ದೂರದ ಖರೀದಿದಾರರೊಬ್ಬರು ಫೋನಿನಲ್ಲಿ ರೈತನ ಬಗ್ಗೆ ಕೇಳಿದರು ಎಂದಿಟ್ಟುಕೊಳ್ಳಿ. ದಲಾಲಿ ಅಂಗಡಿಯ ಹುಡುಗ ಇಂಗ್ಲಿಷಿನಲ್ಲಿ ಉತ್ತರಿಸಬೇಕು. ‘ಹಿ ಸೆಡ್ ಹೀಡ್ ಸೆಲ್ ಇಟ್’ ಎಂದರೆ ಮಾಲು ಇನ್ನೂ ಇದೆ, ರೈತ ಕೊಡುತ್ತಾನೆ. ‘ಹಿ ಸೆಡ್ ಹೀಡ್ ಸೋಲ್ಡ್ ಇಟ್’ ಎಂದರೆ ಮಾಲು ಕೈಬಿಟ್ಟಿದೆ, ವ್ಯಾಪಾರ ಮುಗಿದಿದೆ. ಎರಡರಲ್ಲೂ ‘ಹೀಡ್’ ಒಂದೇ ಥರ ಕೇಳುತ್ತದೆ. ಇದನ್ನು ಬಿಡಿಸುವುದು ಹಿಂದೆಯೇ ಬರುವ ಕ್ರಿಯಾಪದ. ಅದು ಮೂಲ ರೂಪದಲ್ಲಿದ್ದರೆ ಮೊದಲಿನದು ವುಡ್. ಮೂರನೆಯ ರೂಪದಲ್ಲಿದ್ದರೆ ಹ್ಯಾಡ್. ಕಿವಿ ‘ಡ್’ ಮೇಲೆ ನಿಲ್ಲದೆ ಅದರ ಮುಂದಿನ ಪದಕ್ಕೆ ಹೋಗಬೇಕು. ಗಾನ್, ಟೇಕನ್, ರಿಟನ್ ಎಂದು ಕೇಳಿದೊಡನೆ ಅದಕ್ಕೆ ಮೊದಲು ಹ್ಯಾಡ್ ಇತ್ತು ಎಂದು ತಿಳಿಯಬಹುದು, ಆ ‘ಡ್’ ಪೂರಾ ನುಂಗಿಹೋಗಿದ್ದರೂ. ಪುಟ್, ಕಟ್, ಕಮ್ ಇಂಥ ಕೆಲವು ಪದಗಳು ಮಾತ್ರ ಕೈಕೊಡುತ್ತವೆ, ಏಕೆಂದರೆ ಅವುಗಳ ಒಂದನೆಯ ರೂಪವೂ ಮೂರನೆಯ ರೂಪವೂ ಒಂದೇ. ‘ಹಿ ಸೆಡ್ ಹೀಡ್ ಪುಟ್ ಇಟ್ ಇನ್ ಕೋಲ್ಡ್ ಸ್ಟೋರೇಜ್’ ಎಂದರೆ ಇಟ್ಟಾನೋ ಇಡ್ತಾನೋ, ಮಾತಿನ ಸಂದರ್ಭವೇ ಹೇಳಬೇಕು.

ಕನ್ನಡದಲ್ಲಿ ಇದೇ ಮಾತು ಎಷ್ಟು ಸಲೀಸು! ‘ಮಾರೀನಿ ಅಂದ’, ‘ಮಾರ್ತೀನಿ ಅಂದ’. ರೈತನ ಬಾಯಲ್ಲಿ ಬಂದದ್ದನ್ನು ಹಾಗೆಯೇ ಎತ್ತಿ ಮುಂದೆ ‘ಅಂದ’ ಸೇರಿಸಿದರೆ ಆಯಿತು, ಕಾಲವನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸುವ ಕೆಲಸವೇ ಇಲ್ಲ. ಇಂಗ್ಲಿಷ್ ಮಾತ್ರ ‘ಸೆಡ್’ ಬಂದ ಮೇಲೆ ಒಳಗಿನ ಮಾತನ್ನೂ ಹಿಂದಕ್ಕೆ ತಳ್ಳುತ್ತದೆ. ನಮ್ಮ ವಿದ್ಯಾರ್ಥಿಗಳು ಇಲ್ಲಿ ಹ್ಯಾಡ್ ಮರೆಯುವುದು ಅಸಡ್ಡೆಯಿಂದಲ್ಲ. ಅವರ ಮಾತೃಭಾಷೆಯಲ್ಲಿ ಅದಕ್ಕೆ ಜಾಗವಿಲ್ಲ, ಅಷ್ಟೆ. ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆಯುವ ಮೊದಲು ಮೇಷ್ಟ್ರು ಇದನ್ನು ಒಂದು ಸಲ ಬಿಡಿಸಿ ಹೇಳಿದರೆ ಹುಡುಗನ ಅರ್ಧ ಅಂಜಿಕೆ ಹೋಗುತ್ತದೆ.

ಇದರ ಇನ್ನೊಂದು ಮುಖವೂ ಇದೆ. ‘ನಿನ್ನೆ ಹುಬ್ಬಳ್ಳಿಗೆ ಹೋಗಿದ್ದೆ’ ಎನ್ನುತ್ತೇವೆ: ಹೋದೆ, ಕೆಲಸ ಮುಗಿಸಿದೆ, ತಿರುಗಿ ಬಂದೆ ಎಂಬುದೆಲ್ಲ ಆ ಒಂದು ಪದದಲ್ಲಿದೆ. ಅದನ್ನೇ ಇಂಗ್ಲಿಷಿಗೆ ಒಯ್ದು ‘ಐ ಹ್ಯಾಡ್ ಗಾನ್ ಟು ಹುಬ್ಬಳ್ಳಿ ಯೆಸ್ಟರ್‌ಡೇ’ ಎಂದರೆ ಆ ಭಾಷೆಯವರು ಮುಂದಿನ ವಾಕ್ಯಕ್ಕೆ ಕಾಯುತ್ತಾರೆ. ಹೋಗಿದ್ದೆ, ಆಮೇಲೆ ಏನಾಯಿತು ಎಂದು. ಅಲ್ಲಿ ‘ವೆಂಟ್’ ಸಾಕು. ಹೀಗೆ ಒಂಟಿ ವಾಕ್ಯದಲ್ಲಿ ಬೇಡದ ಕಡೆ ಹ್ಯಾಡ್ ಹಾಕುತ್ತೇವೆ, ಉಪವಾಕ್ಯದಲ್ಲಿ ಬೇಕಾದ ಕಡೆ ಬಿಡುತ್ತೇವೆ. ಎಲ್ಲ ಉಪವಾಕ್ಯಕ್ಕೂ ಅದು ಕಡ್ಡಾಯವೂ ಅಲ್ಲ. ಆಫ್ಟರ್, ಬಿಫೋರ್ ಇದ್ದಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಆ ಪದದಿಂದಲೇ ತಿಳಿಯುತ್ತದೆ. ‘ಆಫ್ಟರ್ ಐ ಏಟ್’ ಎಂದರೂ ‘ಆಫ್ಟರ್ ಐಡ್ ಈಟನ್’ ಎಂದರೂ ಸರಿ. ನಾವೂ ‘ಉಂಡ ಮೇಲೆ’ ಎನ್ನುತ್ತೇವೆಯೇ ಹೊರತು ‘ಉಂಡಿದ್ದ ಮೇಲೆ’ ಎನ್ನುವುದಿಲ್ಲ. ವೆನ್ ಮತ್ತು ಬಿಕಾಸ್ ಇದ್ದಲ್ಲಿ ಎಚ್ಚರ ಬೇಕು. ಕಾಗಿನೆಲೆಯಿಂದ ಬ್ಯಾಡಗಿಯವರೆಗೆ ನಡೆದು ಬಂದವನ ದಣಿವಿಗೆ ಕಾರಣ ಹೇಳುವಾಗ ‘ಬಿಕಾಸ್ ಹೀಡ್ ವಾಕ್ಡ್’ ಎಂದರೆ ನಡಿಗೆ ಮುಗಿದಿದೆ, ದಣಿವು ಉಳಿದಿದೆ ಎಂಬುದು ಸ್ಪಷ್ಟ. ಕನ್ನಡವೂ ಅಲ್ಲಿ ‘ನಡೆದು ಬಂದಿದ್ದರಿಂದ’ ಎಂದು ‘ಇದ್ದ’ವನ್ನು ಉಳಿಸಿಕೊಳ್ಳುತ್ತದೆ.

ಈ ಜಿಲ್ಲೆಯ ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು ಆಕ್ಸ್‌ಫರ್ಡ್‌ನಲ್ಲಿ ಇಂಗ್ಲಿಷ್ ಓದಿದರು, ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದರು. ಶಾಲೆಯಲ್ಲಿ ಕನ್ನಡಕ್ಕೆ ಪ್ರಥಮ ಸ್ಥಾನ ಕೊಡಬೇಕೆಂದು 1981ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರೂ ಅವರೇ. ಸವಣೂರಿಗೆ ಸಮೀಪದ ಹತ್ತಿಮತ್ತೂರಿನ ಚಂದ್ರಶೇಖರ ಪಾಟೀಲರು ಧಾರವಾಡದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದು, ಜೀವನವಿಡೀ ಕನ್ನಡಕ್ಕಾಗಿ ಹೋರಾಡಿದರು. ಇವರಿಬ್ಬರಲ್ಲೂ ಒಂದು ಭಾಷೆ ಇನ್ನೊಂದಕ್ಕೆ ಅಡ್ಡಿಯಾಗಲಿಲ್ಲ. ಸರ್ಕಾರಿ ಶಾಲೆಯಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಬಂದು ವರ್ಷಗಳೇ ಕಳೆದ ಮೇಲೂ ನಾವು ಅದನ್ನು ಕನ್ನಡದ ಬಾಗಿಲು ಹಾಕಿಕೊಂಡು ಕಲಿಸುತ್ತಿರುವುದು ನನಗೆ ಸಂಕಟದ ವಿಷಯ. ಮಗುವಿನ ಬಾಯಲ್ಲಿ ಆಗಲೇ ಇರುವ ವ್ಯಾಕರಣಕ್ಕಿಂತ ಒಳ್ಳೆಯ ಮೇಷ್ಟ್ರು ಎಲ್ಲಿ ಸಿಗಬೇಕು?

ಏಕೆಂದರೆ ‘ಹೋಗಿದ್ದೆ’ ಎಂಬುದೂ ಕರಗಿ ಆದದ್ದೇ: ಹೋಗಿ, ಇದ್ದೆ. ಈ ಎರಡನ್ನು ಬಿಡಿಬಿಡಿಯಾಗಿ ಯಾರೂ ಆಡುವುದಿಲ್ಲ. ‘ಐ ಹ್ಯಾಡ್’ ಹೇಗೆ ‘ಐಡ್’ ಆಯಿತು ಎಂದು ಕೇಳುವ ಹುಡುಗಿಗೆ ಇದನ್ನು ತೋರಿಸಿದರೆ ಬೇರೆ ವಿವರಣೆ ಬೇಡ. ಅರ್ಜಿ, ಪರೀಕ್ಷೆ, ಕಚೇರಿಯ ಪತ್ರಗಳಲ್ಲಿ ಹ್ಯಾಡನ್ನು ಇಡಿಯಾಗಿಯೇ ಬರೆಯಲಿ. ‘ಯೆಸ್, ಐ ಹ್ಯಾಡ್’ ಎಂದು ಮಾತು ಅಲ್ಲಿಗೇ ನಿಲ್ಲುವಾಗಲೂ ಅದು ಕರಗುವುದಿಲ್ಲ ಎಂದು ತಿಳಿಸಲಿ. ಆಮೇಲೆ ‘ಗೊತ್ತಿದ್ರ ಬರ್ತಿದ್ದೆ’ ಎಂಬ ದಿನಬಳಕೆಯ ಮಾತನ್ನು ಹಲಗೆಯ ಮೇಲೆ ಬರೆದು, ಅದರ ಕೆಳಗೆ ‘ಇಫ್ ಐಡ್ ನೋನ್, ಐಡ್ ಹ್ಯಾವ್ ಕಮ್’ ಎಂದು ಬರೆಯಲಿ. ಕನ್ನಡದ ಎರಡೂ ಭಾಗಗಳಲ್ಲಿ ಒಂದೊಂದು ‘ಇದ್ದ’, ಇಂಗ್ಲಿಷಿನ ಎರಡೂ ಭಾಗಗಳಲ್ಲಿ ಒಂದೊಂದು ‘ಡ್’. ಮೊದಲನೆಯದು ಹ್ಯಾಡ್, ಎರಡನೆಯದು ವುಡ್. ‘ನೋನ್’ ಅದನ್ನು ಹೇಳುತ್ತದೆ, ‘ಹ್ಯಾವ್’ ಇದನ್ನು ಹೇಳುತ್ತದೆ.