ಅತಿಥಿಯೂ ಹೊಸಿಲೂ

ಡಾರ್ವಿನ್ 1835ರಲ್ಲಿ ಕಂಡ ಗ್ಯಾಲಪಗೋಸ್ ದ್ವೀಪಗಳು ಈಕ್ವೆಡಾರ್ ದೇಶಕ್ಕೆ ಸೇರಿದವು. ಸ್ವಂತ ಹಾಯಿದೋಣಿಯಲ್ಲಿ ಅಲ್ಲಿಗೆ ಹೋಗುವವನಿಗೆ ರಹದಾರಿಯೊಂದೇ ಸಾಲದು. ಮುಂಚಿತವಾಗಿ ಅನುಮತಿ ಪಡೆದಿರಬೇಕು. ಕೀಟಗಳು ಸಾಯುವಂತೆ ದೋಣಿಗೆ ಹೊಗೆ ಹಾಕಿಸಿರಬೇಕು. ಮುಳುಗುಗಾರರು ನೀರಿಗಿಳಿದು ದೋಣಿಯ ತಳವನ್ನು ಪರೀಕ್ಷಿಸುತ್ತಾರೆ. ಪಾಚಿಯೋ ಚಿಪ್ಪಿನ ಹುಳುವೋ ಅಂಟಿದ್ದರೆ, ದಡ ಕಣ್ಣೆದುರಿಗಿದ್ದರೂ ದೂರದ ಕಡಲಿಗೆ ಹಿಂದಿರುಗಿ, ತೊಳೆದುಕೊಂಡು ಬರಬೇಕು.

ಅತಿಥಿಯನ್ನು ದೇವರೆಂದ ನಮಗೆ ಇದು ಒರಟುತನವೆಂದು ತೋರೀತು. ಯಾರಿಗೂ ಕೇಡು ಬಯಸದವನಿಗೆ ಈ ತೊಡಕೇಕೆ? ಆದರೆ ಕೇಡಾಗಲು ಕೇಡು ಬಯಸಲೇಬೇಕೆಂದಿಲ್ಲ. 1959ರಲ್ಲಿ ಅಲ್ಲಿಯ ಪಿಂಟಾ ದ್ವೀಪದಲ್ಲಿ ಮೀನುಗಾರರು ಮೂರು ಮೇಕೆಗಳನ್ನು ಬಿಟ್ಟರು. ಮುಂದೆ ಬಂದಾಗ ಮಾಂಸಕ್ಕಾದೀತೆಂಬುದಷ್ಟೇ ಅವರ ಎಣಿಕೆ. ಅವು ಸಾವಿರಗಟ್ಟಲೆಯಾಗಿ ಹಸುರನ್ನೆಲ್ಲ ಮೇದವು. ಹಿಂದಿನ ನಾವಿಕರು ಹಿಡಿದು ತಿಂದು ಅಳಿದುಳಿದಿದ್ದ ಆಮೆಗಳಿಗೆ ಮೇವೂ ಇಲ್ಲವಾಯಿತು. ಆ ಕುಲದಲ್ಲಿ ಕೊನೆಯದಾಗಿ ಕಂಡ ಆಮೆ, ‘ಒಂಟಿ ಜಾರ್ಜ್’, 2012ರಲ್ಲಿ ಸತ್ತಿತು.

ಹಾಗಾದರೆ ಇದೂ ಒಂದು ಬಗೆಯ ಮಡಿಯೇ? ಮೈಲಿಗೆಯ ಹೆಸರಿನಲ್ಲಿ ಮನುಷ್ಯರನ್ನೇ ಹೊಸಿಲಾಚೆ ನಿಲ್ಲಿಸಿದ ನಾಡಿನವರು ಈ ಪ್ರಶ್ನೆಯನ್ನು ಕೇಳಿಕೊಳ್ಳಲೇಬೇಕು. ನನಗೆ ತೋರುವ ಅಂತರವಿಷ್ಟು: ನಮ್ಮ ಮಡಿ ಹುಟ್ಟನ್ನು ನೋಡಿತು; ಎಷ್ಟು ತೊಳೆದರೂ ಹೋಗದ ಕೊಳೆಯೊಂದನ್ನು ಕಲ್ಪಿಸಿತು. ಈ ನಿಯಮವಾದರೋ ದೋಣಿಯ ತಳವನ್ನು ನೋಡುತ್ತದೆ, ಒಡೆಯನ ಕುಲವನ್ನಲ್ಲ. ತೊಳೆದು ಬಂದವನನ್ನು ಒಳಗೆ ಬಿಡುತ್ತದೆ.

ಬಾಗಿಲಲ್ಲಿ ತಡೆಯುವ ಯಾವ ಕಟ್ಟಳೆಯನ್ನಾದರೂ ಈ ಒರೆಗಲ್ಲಿಗೆ ಹಚ್ಚಿ ನೋಡಬಹುದು. ಕಾಲಿಗೆ ನೀರು ಕೊಡುವುದು ಅತಿಥಿಗೆ ಅವಮಾನವಲ್ಲ. ಕಾಲು ತೊಳೆದ ಮೇಲೂ ಒಳಗೆ ಕರೆಯದಿದ್ದರೆ ಅದು ಅನ್ಯಾಯ.