ರುಚಿಗೆ ತಕ್ಕಷ್ಟು ಅಂದರೆ ಯಾರ ರುಚಿಗೆ?

ಅಡುಗೆ ಪುಸ್ತಕಗಳಲ್ಲಿ ಬೇಳೆ ಇಷ್ಟು ಕಪ್, ಹುಣಸೆಹಣ್ಣು ನಿಂಬೆ ಗಾತ್ರ, ಬೆಲ್ಲ ಇಷ್ಟು ಚಮಚ ಎಂದೆಲ್ಲ ಲೆಕ್ಕ ಕೊಟ್ಟಿರುತ್ತಾರೆ. ಉಪ್ಪಿನ ಹತ್ತಿರ ಬಂದಾಗ ಮಾತ್ರ ‘ರುಚಿಗೆ ತಕ್ಕಷ್ಟು’ ಎಂದು ಬರೆದು ಮುಗಿಸುತ್ತಾರೆ. ಯಾರ ರುಚಿಗೆ ಅಂತ ಯಾರೂ ಕೇಳುವುದಿಲ್ಲ. ಒಂದು ಮನೆಯಲ್ಲಿ ಉಣ್ಣುವವರ ನಾಲಿಗೆಯೆಲ್ಲ ಒಂದೇ ಎಂದು ಆ ಮಾತು ನಂಬಿಕೊಂಡಿದೆ. ಮನೆಯಲ್ಲಿ ಒಬ್ಬರಿಗೆ ಬಿಪಿ ಬಂತೆಂದರೆ ಆ ನಂಬಿಕೆ ಅಲ್ಲಾಡುತ್ತದೆ.

ಪುಣೆಯ ನಮ್ಮ ಮನೆಯಲ್ಲಿ ಅದು ಅಲ್ಲಾಡಿದ್ದು ಅಮ್ಮ ಹಾಸನದಿಂದ ಬಂದು ನಮ್ಮ ಜೊತೆ ಇರತೊಡಗಿದ ಮೇಲೆ. ಉಪ್ಪು ಕಡಿಮೆ ಮಾಡಿ ಎಂದರು ಡಾಕ್ಟರು. ಅಮ್ಮ ತನ್ನದೇ ದಾರಿ ಹುಡುಕಿಕೊಂಡಳು. ಸಾರಿಗೆ ಉಪ್ಪು ಹಾಕುವ ಮುಂಚೆ ಒಂದು ಸಣ್ಣ ಸ್ಟೀಲ್ ಬಟ್ಟಲಿಗೆ ತನ್ನ ಪಾಲು ತೆಗೆದಿಟ್ಟುಕೊಳ್ಳುವುದು, ಮಿಕ್ಕಿದ್ದಕ್ಕೆ ಮೊದಲಿನ ಹಾಗೇ ಉಪ್ಪು ಹಾಕುವುದು. ಕೇಳಿದರೆ, “ನಂದು ನಂಗಿರ್ಲಿ, ನಿಮಗ್ಯಾಕೆ ಸಪ್ಪೆ ಊಟ?” ಅನ್ನುತ್ತಿದ್ದಳು.

ಮೇಲುನೋಟಕ್ಕೆ ಇದು ನ್ಯಾಯವಾದ ಏರ್ಪಾಡೇ. ಕಾಯಿಲೆ ಯಾರದೋ ಪಥ್ಯವೂ ಅವರದು. ಆದರೆ ಆ ಬಟ್ಟಲು ಕಂಡಾಗಲೆಲ್ಲ ನನಗೆ ನೆನಪಾಗುತ್ತಿದ್ದ ಪದ ‘ಪಂಕ್ತಿಭೇದ’. ಒಂದೇ ಸಾಲಿನಲ್ಲಿ ಕೂತವರಿಗೆ ಬೇರೆ ಬೇರೆ ಬಡಿಸಬಾರದು ಅನ್ನುತ್ತಾರಲ್ಲ, ಅದು. ಈ ಪದಕ್ಕೆ ಒಳ್ಳೆಯ ಚರಿತ್ರೆಯೇನೂ ಇಲ್ಲ. ಜಾತಿ ನೋಡಿ ಬೇರೆ ಸಾಲು ಹಾಕಿದವರೇ ತಮ್ಮ ಸಾಲಿನೊಳಗೆ ಭೇದ ಕೂಡದು ಎಂದು ಉಪದೇಶ ಮಾಡಿದ್ದೂ ಉಂಟು. ಮನೆಯೊಳಗೂ ಗಂಡಸರಿಗೆ ಗಟ್ಟಿ ಮೊಸರು, ಕೊನೆಗೆ ಕೂತ ಹೆಂಗಸರಿಗೆ ನೀರುಮಜ್ಜಿಗೆ. ಅಮ್ಮನ ತಲೆಮಾರು ಆ ಕೊನೆಯ ಪಂಕ್ತಿಯಲ್ಲಿ ಕೂತು ಬಂದದ್ದು. ಹಾಗಾಗಿ ಅವಳು ಬಟ್ಟಲು ಬೇರೆ ಮಾಡಿಕೊಂಡಾಗ ಅದನ್ನು ಅವಳ ಸ್ವಂತ ಆಯ್ಕೆ ಎಂದು ಒಪ್ಪಿ ಸುಮ್ಮನಿರುವುದು ನಮಗೆ ಅನುಕೂಲದ ಮಾತಾಗುತ್ತದೆ, ಅಷ್ಟೆ.

ಪಥ್ಯವೇನು ನಮಗೆ ಹೊಸದೇ ಎಂದು ಯಾರಾದರೂ ಕೇಳಬಹುದು. ಹೊಸದಲ್ಲ. ಜ್ವರ ಬಂದವರಿಗೆ ಗಂಜಿ, ನೆಗಡಿಗೆ ಮೆಣಸಿನ ಸಾರು, ಬಾಣಂತಿಗೆ ಅವಳದೇ ಅಡುಗೆ. ಆಗೆಲ್ಲ ಬೇರೆ ಪಾತ್ರೆ ಇಟ್ಟರೆ ಯಾರಿಗೂ ಭೇದ ಅನ್ನಿಸುತ್ತಿರಲಿಲ್ಲ. ಯಾಕೆಂದರೆ ಆ ಪಥ್ಯಕ್ಕೆ ಒಂದು ಕೊನೆಯಿತ್ತು. ಜ್ವರ ಬಿಟ್ಟ ಮೇಲೆ, ಬಾಣಂತನ ಮುಗಿದ ಮೇಲೆ, ಅವರು ಮತ್ತೆ ಸಾಲಿಗೆ ಬಂದು ಕೂರುತ್ತಿದ್ದರು. ಬಿಪಿಯ, ಸಕ್ಕರೆ ಕಾಯಿಲೆಯ ಪಥ್ಯಕ್ಕೆ ಸಾಮಾನ್ಯವಾಗಿ ಅಂಥ ಕೊನೆಯಿಲ್ಲ. ನಾಲ್ಕು ದಿನದ ಬೇರೆ ಪಾತ್ರೆ ಉಪಚಾರ. ಜೀವನಪೂರ್ತಿಯ ಬೇರೆ ಪಾತ್ರೆ ಒಂದು ಥರದ ಗಡಿಪಾರು. ಹಳೆಯ ಪದವನ್ನು ಹೊಸ ಕಾಯಿಲೆಗೆ ಹಾಗೇ ಹಚ್ಚಿದ್ದರಿಂದ ಈ ವ್ಯತ್ಯಾಸ ನಮ್ಮ ಕಣ್ಣಿಗೆ ಬೀಳುವುದಿಲ್ಲ. ‘ಎಷ್ಟು ಹೇಳಿದರೂ ಅಪ್ಪ ಪಥ್ಯ ಮಾಡಲ್ಲ’ ಎಂದು ಗೊಣಗುವ ಗೆಳೆಯರು ನನಗೆ ಬೇಕಾದಷ್ಟಿದ್ದಾರೆ. ಎದುರಿಗೆ ನಾಲ್ಕು ಜನ ಹಪ್ಪಳ ಮುರಿಯುತ್ತಿರುವಾಗ ಒಬ್ಬ ಮಾತ್ರ ದಿನವೂ ಸಂಯಮದಿಂದಿರಬೇಕು ಎನ್ನುವುದು ಸನ್ಯಾಸಿಗಳಿಂದ ಬಯಸಬಹುದಾದ ಮಾತು.

ಹಾಗಾದರೆ ಎಲ್ಲರೂ ಸಪ್ಪೆ ತಿನ್ನಬೇಕೆ? ಇದಕ್ಕೆ ಉತ್ತರ ನಾನು ಅಂದುಕೊಂಡಷ್ಟು ಕಷ್ಟದ್ದಾಗಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಸುಮಾರು ಒಂದು ಟೀ ಚಮಚ. ಅದು ಬಿಪಿ ಇದ್ದವರಿಗೆ ಮಾತ್ರ ಹೇಳಿದ್ದಲ್ಲ. ಸಾರು, ಪಲ್ಯ, ಮಜ್ಜಿಗೆ, ಉಪ್ಪಿನಕಾಯಿ, ಅಂಗಡಿ ಬ್ರೆಡ್ಡು ಎಲ್ಲದರ ಉಪ್ಪೂ ಆ ಚಮಚದೊಳಗೇ ಬರಬೇಕು. (ಸೈಂಧವ ಲವಣಕ್ಕೆ ಬದಲಾಯಿಸಿದ್ದೇವೆ, ಇನ್ನು ಚಿಂತೆಯಿಲ್ಲ ಅನ್ನುವವರಿಗೆ: ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ.) ಅಂದರೆ ಅಮ್ಮನ ಬಟ್ಟಲಿನದು ರೋಗಿಯ ಊಟ, ನಮ್ಮ ತಟ್ಟೆಯದು ಆರೋಗ್ಯವಂತರ ಊಟ ಎಂಬ ವಿಂಗಡಣೆಯೇ ತಪ್ಪು. ಉಪ್ಪು ಮೆಲ್ಲಗೆ ಕಡಿಮೆ ಮಾಡುತ್ತ ಹೋದರೆ ಕೆಲವು ವಾರಗಳಲ್ಲಿ ನಾಲಿಗೆಯೂ ಹೊಂದಿಕೊಳ್ಳುತ್ತದೆ. ಆಮೇಲೆ ಹಳೆಯ ಸಾರೇ ಉಪ್ಪುಪ್ಪು ಅನ್ನಿಸುತ್ತದೆ. ರುಚಿ ತೀರ್ಪು ಕೊಡುವ ನ್ಯಾಯಾಧೀಶ ಎಂದುಕೊಂಡಿದ್ದೆವು. ನೋಡಿದರೆ ಅದು ಬರೀ ಅಭ್ಯಾಸ.

ಕಷ್ಟವಿದ್ದದ್ದು ಬೇರೆ ಕಡೆ. ಊರು ಬಿಟ್ಟು ಬಂದವರಿಗೆ ಅಮ್ಮನ ಸಾರು ಬರೀ ಸಾರಲ್ಲ. ಇಲ್ಲಿ ರಾಗಿ ‘ನಾಚಣಿ’ಯಾಗಿದೆ, ಹುರುಳಿ ‘ಕುಳೀಥ’ವಾಗಿದೆ, ಸೊಗಡಿನ ಅವರೆಕಾಯಿಗೆ ಊರಿಂದ ಯಾರಾದರೂ ಬರಬೇಕು. ಬದಲಾಗದೆ ಉಳಿದದ್ದು ಆ ಸಾರಿನ ಹದ ಒಂದೇ. ಅದನ್ನೂ ಬದಲಾಯಿಸಿದರೆ ಇನ್ನೇನು ಉಳಿಯಿತು? ಈ ಅಳುಕನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಆ ಹದವನ್ನು ಕಾಪಾಡುತ್ತಿದ್ದದ್ದು ಯಾರು? ತಾನು ತಿನ್ನಲಾಗದ ಸಾರನ್ನು ನಮಗಾಗಿ ದಿನವೂ ಮಾಡುತ್ತಿದ್ದವಳು ಅಮ್ಮ. ರುಚಿಯನ್ನೂ ನೋಡದೆ, ಕಣ್ಣಳತೆಯಲ್ಲೇ. ‘ತಾಯಿಗಿಂತ ಬಂಧುವಿಲ್ಲ, ಉಪ್ಪಿಗಿಂತ ರುಚಿಯಿಲ್ಲ’ ಎಂದು ಗಾದೆ ಎರಡನ್ನೂ ಜೊತೆಯಲ್ಲಿ ಕೂರಿಸಿತ್ತು. ನಮ್ಮ ಮನೆಯಲ್ಲಿ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗಿತ್ತು.

ಈಗ ಒಂದೇ ಪಾತ್ರೆ. ಇದಕ್ಕೆ ಹೆಚ್ಚು ತಕರಾರು ತೆಗೆದವಳು ಅಮ್ಮನೇ. “ನನ್ನಿಂದ ಎಲ್ಲರೂ ಸಪ್ಪೆ ತಿನ್ನೋ ಹಂಗಾಯ್ತಲ್ಲ” ಎಂಬ ಕೊರಗು ಒಂದು ತಿಂಗಳಾದರೂ ಇತ್ತು. ಅದೂ ಒಂದು ಭಾರವೇ. ಅವಳಿಗಾಗಿ ತ್ಯಾಗ ಮಾಡುತ್ತಿದ್ದೇವೆ ಎಂಬ ಮುಖ ಹೊತ್ತು ಉಣ್ಣುವುದಾದರೆ ಬೇರೆ ಬಟ್ಟಲೇ ವಾಸಿ. ಹುಣಸೆ ಸ್ವಲ್ಪ ಮುಂದು, ಮೆಣಸು, ಇಂಗಿನ ಒಗ್ಗರಣೆ ಧಾರಾಳ, ಕೊನೆಗೆ ನಿಂಬೆ ಎಂದು ಹದ ತಿರುಗಿಸಿದ್ದೂ ಅವಳೇ. ಮನೆಯ ಸಾರಿನ ಪುಡಿಗೆ ಧನಿಯಾ ಎಷ್ಟು ಅಂತ ಅವಳ ಅತ್ತೆ ಒಂದು ಹೇಳಿದ್ದರಂತೆ, ಇವಳು ಮೊದಲಿನಿಂದಲೂ ಇನ್ನೊಂದು ಹಾಕುತ್ತ ಬಂದಳಂತೆ. ನಾವು ಪರಂಪರೆ ಎಂದು ಕಾಯುತ್ತಿದ್ದದ್ದು ಅವಳ ತಿದ್ದುಪಡಿಯನ್ನು. ಬೇಕಾದವರಿಗೆ ಇರಲಿ ಎಂದು ತಟ್ಟೆಯ ಅಂಚಿಗೆ ಚೂರು ಉಪ್ಪು ಬಡಿಸುತ್ತೇವೆ. ಬಾಳೆಎಲೆ ಊಟದಲ್ಲಿ ಮೊದಲು ಎಲೆಯ ತುದಿಗೆ ಬೀಳುವುದು ಉಪ್ಪೇ ತಾನೆ.

ಹಬ್ಬದ ದಿನದ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಮಾವಿನಕಾಯಿ ಉಪ್ಪಿನಕಾಯಿ ಜಾಡಿಯನ್ನು ಮೇಲಿನ ಶೆಲ್ಫಿಗೆ ಎತ್ತಿಡಬೇಕು, ಅಮ್ಮನ ಕೈಗೆ ಸಿಗಬಾರದು ಎಂದು ಮನೆಯಲ್ಲಿ ಒಂದು ವಾದ. ನಾನು ಒಪ್ಪಿಲ್ಲ. ನಾವು ಜೊತೆಗೆ ಉಣ್ಣಬಹುದು, ಜೊತೆಗೆ ಉಪ್ಪು ಬಿಡಬಹುದು. ಎಪ್ಪತ್ತು ದಾಟಿದವಳ ಕೈ ಎಲ್ಲಿಗೆ ಹೋಗುತ್ತದೆಂದು ಕಾವಲು ಕಾಯುವ ಅಧಿಕಾರ ಅದರಿಂದ ಬರುವುದಿಲ್ಲ. ಜಾಡಿ ಸದ್ಯಕ್ಕೆ ಊಟದ ಮೇಜಿನ ಮೇಲೇ ಇದೆ. ಅಮ್ಮ ಒಮ್ಮೊಮ್ಮೆ ಮುಚ್ಚಳ ತೆಗೆದು ಒಂದು ಹೋಳು ಹಾಕಿಕೊಳ್ಳುತ್ತಾಳೆ, ಒಮ್ಮೊಮ್ಮೆ ಇಲ್ಲ.