ವ್ಯಸನವೂ ಸ್ಥಿತೀಕರಣವೂ

ಕನ್ನಡದಲ್ಲಿ 'ವ್ಯಸನ' ಎಂಬ ಶಬ್ದಕ್ಕೆ ಎರಡು ಮುಖಗಳಿವೆ. ಶ್ರಾವಕಾಚಾರ ಗ್ರಂಥಗಳು ಜೂಜು, ಮಾಂಸ, ಮದ್ಯ, ವೇಶ್ಯಾಸಂಗ, ಬೇಟೆ, ಕಳವು, ಪರಸ್ತ್ರೀಸಂಗ ಎಂದು ಸಪ್ತವ್ಯಸನಗಳನ್ನು ಎಣಿಸುವಾಗ ಅದು ತ್ಯಜಿಸಬೇಕಾದ ದುಶ್ಚಟ. ಸಾವಿನ ಮನೆಯಲ್ಲಿ ಹಿರಿಯರು "ವ್ಯಸನಪಡಬೇಡಮ್ಮ" ಎಂದು ಸಂತೈಸುವಾಗ ಅದೇ ಶಬ್ದ ದುಃಖವೆಂಬ ಅರ್ಥವನ್ನು ತಾಳುತ್ತದೆ. ಸಂಸ್ಕೃತದಲ್ಲಿ ಅದಕ್ಕೆ ವಿಪತ್ತು ಎಂಬ ಅರ್ಥವೂ ಉಂಟು. ಕುಡಿತಕ್ಕೆ ಸಿಕ್ಕಿಬಿದ್ದವನು ತಪ್ಪಿತಸ್ಥನೋ ಅಥವಾ ರೋಗಿಯೋ ಎಂದು ಇಂದು ನಡೆಯುವ ಜಿಜ್ಞಾಸೆಯ ಎರಡು ಉತ್ತರಗಳೂ ಈ ಒಂದೇ ಶಬ್ದದೊಳಗೆ ಒಟ್ಟಿಗೆ ಬಾಳಿಕೊಂಡು ಬಂದಿವೆ.

ಕುಡಿತದ ಚಟ ಮನಸ್ಸಿನ ರೋಗವೆಂದು ಬ್ರಿಟಿಷ್ ನೌಕಾದಳದ ವೈದ್ಯನಾಗಿದ್ದ ಥಾಮಸ್ ಟ್ರಾಟರ್ 1804ರಲ್ಲಿಯೇ ಬರೆದನು. ಅಮೆರಿಕದ ವೈದ್ಯ ಸಂಘ ಅದನ್ನು ಕಾಯಿಲೆಯೆಂದು ಒಪ್ಪಿದ್ದು 1956ರಲ್ಲಿ. ಭಾರತದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಮದ್ಯ ಮತ್ತು ಮಾದಕ ದ್ರವ್ಯಗಳ ದುರುಪಯೋಗದಿಂದ ಉಂಟಾಗುವ ಸ್ಥಿತಿಗಳನ್ನು ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ಸೇರಿಸಿದೆ. ಹಸಿದವನ ಮನಸ್ಸನ್ನು ಅನ್ನದ ಕಡೆಗೆ ಎಳೆಯುವಂತಹ ಮಿದುಳಿನ ವ್ಯವಸ್ಥೆಯೇ ಕ್ರಮೇಣ ಮದ್ಯದ ಕಡೆಗೆ ತಿರುಗಿಕೊಳ್ಳುತ್ತದೆ. ಆಮೇಲೆ ಕುಡಿತದಿಂದ ಸಿಗುವ ಸುಖ ಕುಂದಿದರೂ ಬಯಕೆ ಕುಂದುವುದಿಲ್ಲ. ಒಟ್ಟಿಗೆ ಕುಡಿಯಲು ಕುಳಿತವರಲ್ಲಿ ಕೆಲವರಷ್ಟೇ ಬಲೆಗೆ ಬೀಳುವುದೇಕೆ ಎಂದು ಹುಡುಕಿದರೆ ಕಾರಣದ ಸುಮಾರು ಅರ್ಧ ಪಾಲು ಆನುವಂಶಿಕವೆಂದು ತಿಳಿಯುತ್ತದೆ.

ಹಾಗೆಂದು ರೋಗ ಎಂದಾಕ್ಷಣ ಹೊಣೆ ಕಳಚಿಬೀಳುವುದಿಲ್ಲ. ಮಧುಮೇಹ ಬಂದುದು ರೋಗಿಯ ತಪ್ಪಲ್ಲದಿರಬಹುದು, ಆದರೆ ಪಥ್ಯ ಅವನದೇ. ಮಾತ್ರವಲ್ಲ, ರೋಗ ಕೇವಲ ಮಿದುಳಿನೊಳಗೆ ಇರುವುದೂ ಅಲ್ಲ. ವಿಯೆಟ್ನಾಂ ಯುದ್ಧದಲ್ಲಿದ್ದ ಅಮೆರಿಕನ್ ಸೈನಿಕರಲ್ಲಿ ಸುಮಾರು ಐವರಲ್ಲಿ ಒಬ್ಬರು ಹೆರಾಯಿನ್‌ಗೆ ದಾಸರಾಗಿದ್ದರು. 1971ರಲ್ಲಿ ಸ್ವದೇಶಕ್ಕೆ ಮರಳಿದವರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿ ಹುಡುಕಿ ಮಾತನಾಡಿಸಿದಾಗ, ಹಾಗೆ ದಾಸರಾಗಿದ್ದವರಲ್ಲಿ ಮೊದಲ ವರ್ಷದೊಳಗೆ ಮತ್ತೆ ಅದೇ ದಾಸ್ಯಕ್ಕೆ ಬಿದ್ದವರು ಶೇ. 5ರಷ್ಟು ಮಾತ್ರ ಎಂದು ಕಂಡುಬಂತು. ಊರು, ಮನೆ, ಸಹವಾಸ ಬದಲಾದುದೇ ಇದಕ್ಕೆ ಮುಖ್ಯ ಕಾರಣವೆಂದು ವಿದ್ವಾಂಸರು ಭಾವಿಸುತ್ತಾರೆ. ವ್ಯಸನಿಯ ಸುತ್ತಲಿನವರಿಗೂ ಅವನ ವ್ಯಸನದಲ್ಲಿ ಪಾಲಿದೆ ಎಂದಾಯಿತು. ನಿಜವಾದ ನೈತಿಕ ಪ್ರಶ್ನೆ ಇರುವುದು ಇಲ್ಲಿಯೇ: ಬಿದ್ದವನ ಬಗ್ಗೆ ನಿಂತವರ ಕರ್ತವ್ಯವೇನು?

ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 2.9 ಕೋಟಿ ಜನ ಮದ್ಯಕ್ಕೆ ದಾಸರು. ಅಂತಹ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಏನಾದರೊಂದು ಚಿಕಿತ್ಸೆ ದೊರೆತಿತ್ತು. ಆಸ್ಪತ್ರೆಗಳ ಕೊರತೆ ಇದೆ, ನಿಜ. ಅದಕ್ಕಿಂತ ದೊಡ್ಡ ಅಡ್ಡಿ ಮರ್ಯಾದೆಯದು. ಮದ್ಯತ್ಯಾಗವೇ ಮೂಲಗುಣಗಳಲ್ಲಿ ಒಂದೆಂದು ಎಣಿಸುವ ಜೈನ ಮನೆತನದಲ್ಲಿ ಈ ಲಜ್ಜೆ ಇಮ್ಮಡಿ. ಮಗ ಕುಡಿದು ಬಂದರೆ 'ಜ್ವರ' ಎನ್ನುತ್ತಾರೆ, ಅಂಗಡಿ ತೆರೆಯದಿದ್ದರೆ 'ಪ್ರವಾಸ' ಎನ್ನುತ್ತಾರೆ. ಇದನ್ನೇ ಉಪಗೂಹನವೆಂದು, ಅಂದರೆ ಸಾಧರ್ಮಿಯ ದೋಷವನ್ನು ಮುಚ್ಚುವ ಸಮ್ಯಕ್ತ್ವದ ಅಂಗವೆಂದು, ಸಮಾಧಾನ ತಂದುಕೊಳ್ಳುವವರೂ ಇದ್ದಾರೆ. ಆ ಅಂಗಕ್ಕೆ ದೃಷ್ಟಾಂತವಾದ ಜಿನೇಂದ್ರಭಕ್ತ ಶ್ರೇಷ್ಠಿಯ ಕಥೆಯ ಉತ್ತರಾರ್ಧವನ್ನು ಅವರು ಮರೆತಿರುತ್ತಾರೆ. ಬ್ರಹ್ಮಚಾರಿಯ ವೇಷದಲ್ಲಿ ಬಂದು ರತ್ನ ಕದ್ದವನನ್ನು ಶ್ರೇಷ್ಠಿಯು ಜನರ ಮುಂದೆ ರಕ್ಷಿಸಿದನು. ಏಕಾಂತದಲ್ಲಿ ಅವನ ತಪ್ಪನ್ನು ಅವನಿಗೆ ಎತ್ತಿ ಹೇಳದೆ ಬಿಡಲಿಲ್ಲ. ಬೀದಿಯ ಬಾಯಿಗೆ ಮುಚ್ಚಳ ಹಾಕುವುದು ಸರಿ, ವೈದ್ಯರ ಮುಂದೆಯೂ ಹಾಕಿಕೊಂಡರೆ ರೋಗಿಗೆ ಯಾರು ದಿಕ್ಕು?

ಮುಚ್ಚಿಡುವುದಕ್ಕೆ ವಿರುದ್ಧವಾದ ಇನ್ನೊಂದು ರೂಢಿಯೂ ಇದೆ. ಉತ್ಸವದ ದಿನ ಕುಡುಕನನ್ನು ದೇವರ ಮುಂದೆ ನಿಲ್ಲಿಸಿ, ಇಂದಿನಿಂದ ಮುಟ್ಟೆನೆಂದು ಆಣೆ ಮಾಡಿಸುವುದು. ಉದ್ದೇಶ ಒಳ್ಳೆಯದೇ. ಆದರೆ ವರ್ಷಗಟ್ಟಲೆ ಪ್ರತಿದಿನ ಹೆಚ್ಚಾಗಿ ಕುಡಿದ ದೇಹಕ್ಕೆ ಮದ್ಯ ಥಟ್ಟನೆ ನಿಂತರೆ ಮೊದಲ ದಿನವೇ ಕೈನಡುಕ, ಬೆವರು, ನಿದ್ರಾಹಾನಿ ತೋರುತ್ತವೆ. ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಸನ್ನಿ ಹಿಡಿದು, ಇಲ್ಲದ ಹುಳುಗಳು ಗೋಡೆಯ ಮೇಲೆ ಹರಿದಾಡುವಂತೆ ಕಾಣುತ್ತವೆ. ಚಿಕಿತ್ಸೆಯಿಲ್ಲದಿದ್ದರೆ ಪ್ರಾಣವೇ ಹೋದೀತು. ಡಯಜೆಪಾಮ್‌ನಂತಹ ಔಷಧ ಹಾಗೂ ಥಯಾಮಿನ್ ಎಂಬ ಬಿ-1 ಜೀವಸತ್ವದ ಚುಚ್ಚುಮದ್ದಿನೊಂದಿಗೆ ಈ ಕೆಲವು ದಿನಗಳನ್ನು ದಾಟಿಸುವುದು ವೈದ್ಯರಿಗೆ ಪರಿಚಿತ ಕೆಲಸ. ಆದ್ದರಿಂದ ವೈದ್ಯರನ್ನು ಕಂಡ ಮೇಲೆ ವ್ರತ ತೆಗೆದುಕೊಳ್ಳುವುದು ಲೇಸು. ಆ ದಿನಗಳಲ್ಲಿ ವಾಂತಿ ಮಾಡಿಕೊಂಡವನ ಮೈ ಒರೆಸುವವರಿಗೆ ಉದ್ದಾಯನ ಮಹಾರಾಜನ ನೆನಪಾಗಬೇಕು. ರೋಗಗ್ರಸ್ತ ಮುನಿಯ ವೇಷದಲ್ಲಿ ಪರೀಕ್ಷಿಸಲು ಬಂದ ದೇವನು ಉಂಡುದನ್ನೆಲ್ಲ ಕಾರಿಕೊಂಡಾಗ, ಅಸಹ್ಯಪಡದೆ ತನ್ನ ಕೈಯಾರೆ ತೊಳೆದವನು ಅವನು. ನಿರ್ವಿಚಿಕಿತ್ಸೆ ಎಂಬ ಅಂಗಕ್ಕೆ ಅವನೇ ದೃಷ್ಟಾಂತ.

ಕುಡಿತ ನಿಂತ ಮೇಲೆ ಒಳಗಿದ್ದ ಬೇರೊಂದು ಕಾಯಿಲೆ ಬೆಳಕಿಗೆ ಬರುವುದುಂಟು. ಖಿನ್ನತೆ, ಭಯ, ನಿದ್ರೆಯಿಲ್ಲದಿರುವಿಕೆಗಳನ್ನು ಮರೆಯಲೆಂದೇ ಕುಡಿಯಲು ತೊಡಗಿದವರಿದ್ದಾರೆ. ಕುಡಿತದಿಂದಲೇ ಖಿನ್ನರಾದವರೂ ಇದ್ದಾರೆ. ಯಾವುದು ಮೊದಲೆಂದು ತಿಳಿಯಲು ಕೆಲವು ವಾರಗಳು ಬೇಕು. ಮೂರು ನಾಲ್ಕು ವಾರ ಮದ್ಯವಿಲ್ಲದೆ ಕಳೆದ ಮೇಲೂ ಮಂಕು ಹರಿಯದಿದ್ದರೆ ಅದಕ್ಕೆ ಪ್ರತ್ಯೇಕ ಚಿಕಿತ್ಸೆ ಬೇಕು.

ಇನ್ನು ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ. 'ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಿ' ಎಂಬ ಜಾಹೀರಾತು ಬಸ್ ನಿಲ್ದಾಣದ ಗೋಡೆಗಳ ಮೇಲೆ ಕಾಣದ ಊರು ಅಪರೂಪ. ಹೆಂಡತಿಯೊಬ್ಬಳು ಗಂಡನ ಸಾರಿನಲ್ಲಿ ಪುಡಿ ಬೆರೆಸಿದರೆ ಅದು ಕರುಣೆಯೋ ವಂಚನೆಯೋ? ಆಕೆಯ ಸಂಕಟವನ್ನು ಬಲ್ಲವರು ಆಕೆಯನ್ನು ದೂರಲಾರರು. ಆದರೆ ಹೀಗೆ ಬೆರೆಸುವ ಪುಡಿಯಲ್ಲಿ ಡೈಸಲ್ಫಿರಾಮ್ ಇದ್ದರೆ ಪರಿಣಾಮ ಘೋರ. ಡೆನ್ಮಾರ್ಕಿನ ಇಬ್ಬರು ಸಂಶೋಧಕರು 1948ರಲ್ಲಿ ಲೋಕಕ್ಕೆ ಪರಿಚಯಿಸಿದ ಈ ಔಷಧ ದೇಹದಲ್ಲಿರುವಾಗ ಮದ್ಯ ಸೇವಿಸಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ, ಹೃದ್ರೋಗಿಗಳು ಸತ್ತುಹೋಗಲೂಬಹುದು. ತಿಳಿದವನು ಭಯದಿಂದ ಲೋಟ ಮುಟ್ಟುವುದಿಲ್ಲ, ಔಷಧದ ಗುಣವೆಲ್ಲ ಆ ತಿಳಿವಿನಲ್ಲಿದೆ. ತಿಳಿಯದವನು ಎಂದಿನಂತೆ ಕುಡಿಯುತ್ತಾನೆ. ಹೀಗಾಗಿ ಇಲ್ಲಿ ಸತ್ಯವನ್ನು ಬಿಟ್ಟವರು ಅಹಿಂಸೆಯನ್ನೂ ಬಿಟ್ಟಂತಾಗುತ್ತದೆ. ವೈದ್ಯರು ಪರೀಕ್ಷಿಸಿ, ರೋಗಿ ಒಪ್ಪಿದ ಮೇಲೆ, ಪ್ರತಿದಿನ ಬೆಳಿಗ್ಗೆ ಹೆಂಡತಿಯೇ ಆ ಗುಳಿಗೆಯನ್ನು ಅವನ ಅಂಗೈಯಲ್ಲಿಟ್ಟು ನುಂಗುವುದನ್ನು ನೋಡುವ ಕ್ರಮವೂ ಇದೆ. ಒಬ್ಬನೇ ನುಂಗುವುದಕ್ಕಿಂತ ಹಾಗೆ ಕೊಡುವುದು ಹೆಚ್ಚು ಫಲಕಾರಿಯೆಂದು ಅನುಭವ. ಕೊಡುವ ಕೈ ಅದೇ, ನಡುವೆ ಗುಟ್ಟೊಂದು ಇರುವುದಿಲ್ಲ. ಗಂಡನನ್ನು ಕುಡಿತದಿಂದ ಕಳೆದುಕೊಂಡ ಶಾಂತಿ ರಂಗನಾಥನ್ ಅವರು 1980ರಲ್ಲಿ ಚೆನ್ನೈಯಲ್ಲಿ ಟಿ. ಟಿ. ರಂಗನಾಥನ್ ಕ್ಲಿನಿಕಲ್ ರಿಸರ್ಚ್ ಫೌಂಡೇಶನ್ ಸ್ಥಾಪಿಸಿದಾಗ ರೋಗಿಯ ಜೊತೆಗೆ ಮನೆಯವರಿಗೂ ಚಿಕಿತ್ಸೆಯಲ್ಲಿ ಸ್ಥಾನವಿತ್ತುದು ಆಶ್ಚರ್ಯವಲ್ಲ.

ಬಿಟ್ಟವನು ಮತ್ತೆ ಕುಡಿದಾಗ ಮನೆಯವರ ಕೈ ಸೋಲುತ್ತದೆ. ಚಿಕಿತ್ಸೆ ಪಡೆದವರಲ್ಲಿ ಸುಮಾರು ಅರ್ಧದಷ್ಟು ಜನ ಒಮ್ಮೆಯಾದರೂ ಹಾಗೆ ಜಾರುತ್ತಾರೆ. ರಕ್ತದೊತ್ತಡದ ರೋಗಿಗಳು ಪಥ್ಯ ತಪ್ಪಿ ಮತ್ತೆ ಹಾಸಿಗೆ ಹಿಡಿಯುವ ಪ್ರಮಾಣವೂ ಹೆಚ್ಚುಕಡಿಮೆ ಅಷ್ಟೇ, ಅವರನ್ನು ಮಾತ್ರ ಯಾರೂ ಭ್ರಷ್ಟರೆನ್ನುವುದಿಲ್ಲ. ವ್ರತಭಂಗವನ್ನು ಶಾಸ್ತ್ರಕಾರರು ಒಂದೇ ಏಟಿಗೆ ಅಳೆಯಲಿಲ್ಲ. ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರ ಎಂದು ನಾಲ್ಕು ಮೆಟ್ಟಿಲುಗಳನ್ನು ಗುರುತಿಸಿದರು. ಮೊದಲು ಮನಸ್ಸು ಕದಡುತ್ತದೆ, ಕಾಲು ಹಳೆಯ ದಾರಿ ಹಿಡಿಯುವುದು ಆಮೇಲೆ. ಮದ್ಯದಂಗಡಿಯ ಬೀದಿಯನ್ನು ಬಿಟ್ಟು ಸುತ್ತಿ ಹೋಗೆಂದು ಆಪ್ತಸಲಹೆಗಾರರು ಹೇಳಿಕೊಡುವುದು ಎರಡನೆಯ ಮೆಟ್ಟಿಲಿನಲ್ಲಿಯೇ ಹಿಡಿದು ನಿಲ್ಲಿಸಲಿಕ್ಕಾಗಿ. ಶ್ರೇಣಿಕನ ಮಗ ವಾರಿಷೇಣನ ಗೆಳೆಯ ಪುಷ್ಪಡಾಲನು ದೀಕ್ಷೆ ಪಡೆದು ಹನ್ನೆರಡು ವರ್ಷ ಕಳೆದರೂ ಅವನ ಮನಸ್ಸು ಬಿಟ್ಟುಬಂದ ಹೆಂಡತಿಯಲ್ಲಿಯೇ ಇತ್ತು. ಮನೆಗೆ ಹೊರಟವನನ್ನು ವಾರಿಷೇಣನು ಬೈಯಲಿಲ್ಲ, ತೊರೆಯಲಿಲ್ಲ. ಅರಮನೆಗೆ ಕರೆದೊಯ್ದು, ಅಲಂಕೃತರಾದ ತನ್ನ ಮಡದಿಯರನ್ನೆಲ್ಲ ತೋರಿಸಿ, ತಾನು ಬಿಟ್ಟುದೆಷ್ಟೆಂದು ಕಾಣಿಸಿದನು. ಜಾರಿದವನನ್ನು ಮತ್ತೆ ನಿಲ್ಲಿಸುವ ಸ್ಥಿತೀಕರಣವೆಂಬ ಅಂಗಕ್ಕೆ ಈ ಕಥೆಯೇ ಆಧಾರ.

ಗಡಿಯಾಚೆಯ ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ಮುರಿದ ಕೈಯನ್ನು ಯಾವ ಭಾಷೆಯ ವೈದ್ಯರಾದರೂ ಕಟ್ಟಿಯಾರು. ಮನಸ್ಸಿನ ಚಿಕಿತ್ಸೆ ಮಾತಿನಿಂದಲೇ ನಡೆಯಬೇಕು, ಲಜ್ಜೆಯ ಮಾತು ಪರಭಾಷೆಯಲ್ಲಿ ಹೊರಡದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ 14416ರಲ್ಲಿ ಕನ್ನಡವೂ ಇದೆ. ಕಾಸರಗೋಡಿನವರು ಮಂಗಳೂರಿಗೆ, ತಾಳವಾಡಿಯವರು ಚಾಮರಾಜನಗರಕ್ಕೆ ಬಸ್ಸು ಹತ್ತುವ ಮುನ್ನ ಮನೆಯಲ್ಲಿಯೇ ಕುಳಿತು ಮೊದಲ ಮಾತನ್ನು ಅಲ್ಲಿ ಆಡಬಹುದು.